ಫಾರ್ಮುಲಾದ ಹಿಂದಿನ ಮನುಷ್ಯ: ಎಗಾನ್ ಒರೊವಾನ್

ಮೆಟೀರಿಯಲ್ ಸೈನ್ಸ್ ಪೇಪರ್ ಬರೆದವರಿಗೆಲ್ಲ ಗೊತ್ತಿರೋ ಒಂದು ಫಾರ್ಮುಲಾ ಇದೆ. ಜಿ ಇಂಟು ಬಿ, ಅದನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಟೌ. ಹೆಸರು ಒರೊವಾನ್ ಮೆಕ್ಯಾನಿಸಂ. ನಾನೂ ಎಲ್ಲರ ಹಾಗೆ ಬೈಹಾರ್ಟ್ ಮಾಡಿ ಬರೆದೆ, ಮಾರ್ಕ್ಸ್ ಬಂತು, ಮರೆತೂಬಿಟ್ಟೆ. ಒರೊವಾನ್ ಅಂದ್ರೆ ಯಾವುದೋ ಊರಿನ ಹೆಸರಿರಬೇಕು ಅಂದ್ಕೊಂಡಿದ್ದೆ.

ಆಮೇಲೆ ಸೀನಿಯರ್ಸ್ ಪ್ರಾಜೆಕ್ಟಿಗೆ ಸಹಾಯಕ್ಕೆ ಹೋದೆ. ತಾಮ್ರದ ಪುಡಿಗೆ ಅಲ್ಯೂಮಿನಾ ಪುಡಿ ಬೆರೆಸಿ ಬಾಲ್ ಮಿಲ್‌ನಲ್ಲಿ ಅರೆಯೋ ಕೆಲಸ. ಸೆಕೆಂಡ್ ಇಯರ್‌ನವನ ಪಾಲಿಗೆ ಬರೋದು ತೂಕ ಮಾಡೋದು, ಜಾರ್ ತೊಳೆಯೋದು. ಮೊದಲ ಸಲ ಗಂಟೆಗಟ್ಟಲೆ ಮಿಲ್ ಓಡಿಸಿ ಜಾರ್ ತೆಗೆದು ನೋಡಿದ್ರೆ ಒಳಗೆ ಪುಡಿಯೇ ಇಲ್ಲ! ತಾಮ್ರವೆಲ್ಲ ಉಕ್ಕಿನ ಗುಂಡುಗಳಿಗೂ ಜಾರಿನ ಗೋಡೆಗೂ ಹೊಸ ಚೆಂಬಿನ ಹಾಗೆ ಹೊಳೆಯುತ್ತಾ ಮೆತ್ತಿಕೊಂಡಿತ್ತು. ಎರಡು ದಿನ ಸಂಜೆ ಕೂತು ಕೆರೆದೆ. ಇಷ್ಟೆಲ್ಲಾ ಯಾಕೆ, ತಾಮ್ರಕ್ಕೆ ಕಲ್ಲುಪುಡಿ ಸೇರಿಸಿದ್ರೆ ಅದು ಗಟ್ಟಿಯಾಗೋದು ಹೇಗೆ ಅಂತ ಕೇಳಿದಾಗ ಸೀನಿಯರ್ ಹೇಳಿದ್ದು ಅದೇ ಹೆಸರು. ಆ ರಾತ್ರಿ ಹಾಸ್ಟೆಲಿಗೆ ಬಂದು ಹುಡುಕಿದೆ. ಅದು ಊರಲ್ಲ, ಮನುಷ್ಯ. ಈ ಬರಹ ಅವರ ಕಥೆ.

ಅಪ್ಪನ ದಾರಿ, ಮಗನ ದಾರಿ

ಎಗಾನ್ ಒರೊವಾನ್ ಹುಟ್ಟಿದ್ದು 1902ರ ಆಗಸ್ಟ್ 2ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಅಪ್ಪ ಮೆಕ್ಯಾನಿಕಲ್ ಇಂಜಿನಿಯರ್, ಕಾರ್ಖಾನೆಯೊಂದರ ಮ್ಯಾನೇಜರ್. ತಾಯಿ ಜಮೀನು ಇದ್ದು ಕಳೆದುಕೊಂಡ ಮನೆತನದವರು. ಹುಡುಗನಿಗೆ ಇಷ್ಟ ಇದ್ದದ್ದು ಫಿಸಿಕ್ಸ್. ಸ್ವಲ್ಪ ಕಾಲ ವಿಯೆನ್ನಾದಲ್ಲಿ ವಿಜ್ಞಾನ ಓದಿದರು. ಆಮೇಲೆ ಬರ್ಲಿನ್‌ನ ಟೆಕ್ನಿಕಲ್ ಯೂನಿವರ್ಸಿಟಿಗೆ ಸೇರಿ ಮೊದಲು ಮೆಕ್ಯಾನಿಕಲ್, ನಂತರ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಹಿಡಿದರು. ಬ್ರಾಂಚ್ ಚೇಂಜ್ ಅನ್ನೋದು ನಮ್ಮ ಕಾಲದ ಕಾಯಿಲೆ ಅಂದ್ಕೊಂಡಿದ್ದೀರಾ? ಆಗಲೂ ಇತ್ತು.

ಎಲೆಕ್ಟ್ರಿಕಲ್‌ನಲ್ಲಿ ಒಂದರ ಮೇಲೊಂದು ಟ್ರಾನ್ಸ್‌ಫಾರ್ಮರ್ ಡಿಸೈನ್ ಲೆಕ್ಕ ಮಾಡಿ ಮಾಡಿ ಅವರಿಗೆ ಸಾಕಾಗಿತ್ತು. ಹೊರಗಡೆ ಹೈಸನ್‌ಬರ್ಗ್, ಶ್ರೋಡಿಂಗರ್ ಎಲ್ಲ ಸೇರಿ ಕ್ವಾಂಟಂ ಮೆಕ್ಯಾನಿಕ್ಸ್ ಕಟ್ಟುತ್ತಿದ್ದ ಕಾಲ ಅದು. ಇವರು ಮಾತ್ರ ಟ್ರಾನ್ಸ್‌ಫಾರ್ಮರ್ ಮುಂದೆ ಕೂತಿದ್ದರು.

1928ರಲ್ಲಿ ಒಂದು ಚಿಕ್ಕ ಆಫೀಸ್ ಕೆಲಸಕ್ಕೆ ಅವರು ಥಿಯರೆಟಿಕಲ್ ಫಿಸಿಕ್ಸ್ ಪ್ರೊಫೆಸರ್ ರಿಚರ್ಡ್ ಬೆಕರ್ ಅವರ ರೂಮಿಗೆ ಹೋದರು. ಬೆಕರ್ ಸಂಕೋಚದ ಮನುಷ್ಯ, ಏನಾದರೂ ಹೇಳಬೇಕು ಅಂದ್ರೆ ಹಿಂದೆಮುಂದೆ ನೋಡೋರು. ಆದರೆ ಅವರ ರೂಮು ಬಹಳ ದೊಡ್ಡದು. ಕೆಲಸ ಮುಗಿಸಿ ಒರೊವಾನ್ ಬಾಗಿಲವರೆಗೆ ನಡೆಯೋಷ್ಟರಲ್ಲಿ ಬೆಕರ್‌ಗೆ ಧೈರ್ಯ ಬಂದು ವಾಪಸ್ ಕರೆದರು. ಲೋಹಗಳು ಬಾಗೋದರ ಬಗ್ಗೆ ತಾನು ಮೂರು ವರ್ಷದ ಹಿಂದೆ ಒಂದು ಪುಟ್ಟ ಥಿಯರಿ ಬರೆದಿದ್ದೇನೆ, ಪ್ರಯೋಗ ಮಾಡಿ ಅದನ್ನು ಪರೀಕ್ಷಿಸುತ್ತೀಯಾ ಅಂತ ಕೇಳಿದರು. ರೂಮು ಚಿಕ್ಕದಾಗಿದ್ದಿದ್ದರೆ ತನ್ನ ಜೀವನವೇ ಬೇರೆ ಆಗ್ತಿತ್ತು ಅಂತ ಒರೊವಾನ್ ಮುಂದೆ ತಮಾಷೆಯಾಗಿ ನೆನೆಸಿಕೊಳ್ಳುತ್ತಿದ್ದರು.

ಆ ಕಾಲಕ್ಕೆ ಲೋಹ ಬಾಗಿಸೋದು ಫಿಸಿಕ್ಸ್‌ನವರಿಗೆ ಮರ್ಯಾದೆಯ ವಿಷಯವೇ ಅಲ್ಲ. ಆದ್ರೂ ಇನ್ನೊಂದು ಟ್ರಾನ್ಸ್‌ಫಾರ್ಮರ್‌ಗಿಂತ ಇದೇ ವಾಸಿ ಅಂತ ಒಪ್ಪಿಕೊಂಡರು. ಮತ್ತೆ ಫಿಸಿಕ್ಸ್‌ಗೆ ಬದಲಾಯಿಸಿದ್ದೀನಿ ಅಂತ ಅಪ್ಪನಿಗೆ ತಿಳಿಸಿದರು. ಅಪ್ಪ ಏನೂ ಗಲಾಟೆ ಮಾಡಲಿಲ್ಲ. ಆಯ್ತಪ್ಪ, ಇನ್ನೇನು ಮಾಡೋದು ಅನ್ನೋ ಹಾಗೆ ಸುಮ್ಮನಾದರು.

ಕೈಜಾರಿ ಬಿದ್ದ ಸತು

ಬೆಕರ್ ಕೊಟ್ಟ ಸಮಸ್ಯೆ ಏನು ಅಂತ ಸ್ವಲ್ಪ ನೋಡೋಣ. ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಲೋಹ ಬಾಗಬೇಕಾದ್ರೆ ಒಂದು ಪದರ ಇನ್ನೊಂದರ ಮೇಲೆ ಜಾರಬೇಕು. ಇಡೀ ಪದರ ಒಟ್ಟಿಗೆ ಜಾರುತ್ತೆ ಅಂತ ಲೆಕ್ಕ ಹಾಕಿದರೆ ತಾಮ್ರಕ್ಕೆ ಸುಮಾರು 7 ಗಿಗಾಪಾಸ್ಕಲ್ ಒತ್ತಡ ಬೇಕು. ನಿಜವಾದ ಶುದ್ಧ ತಾಮ್ರದ ಸಿಂಗಲ್ ಕ್ರಿಸ್ಟಲ್ ತಗೊಂಡು ಎಳೆದರೆ ಒಂದು ಮೆಗಾಪಾಸ್ಕಲ್ ಆಸುಪಾಸಿನಲ್ಲೇ ಜಾರೋಕೆ ಶುರು. ಲೆಕ್ಕಕ್ಕೂ ವಾಸ್ತವಕ್ಕೂ ಸಾವಿರಾರು ಪಟ್ಟು ವ್ಯತ್ಯಾಸ. ಲ್ಯಾಬ್ ರೆಕಾರ್ಡಿನಲ್ಲಿ ನಮಗೆ ಶೇಕಡಾ 10 ಎರರ್ ಬಂದ್ರೆ ರಿಪೀಟ್ ಮಾಡಿಸ್ತಾರೆ. ಇಲ್ಲಿ ಇಡೀ ವಿಜ್ಞಾನವೇ ಸಾವಿರ ಪಟ್ಟು ತಪ್ಪಿತ್ತು.

ಒರೊವಾನ್ ಸತುವಿನ ಸಿಂಗಲ್ ಕ್ರಿಸ್ಟಲ್‌ಗಳನ್ನು ಎಳೆದು ನೋಡುತ್ತಿದ್ದರು. ಒಂದು ಸಲ ಕ್ರಿಸ್ಟಲ್ ಕೈಜಾರಿ ನೆಲಕ್ಕೆ ಬಿತ್ತು. ಸತುವಿನ ಸಿಂಗಲ್ ಕ್ರಿಸ್ಟಲ್ ಎಷ್ಟು ಮೆತ್ತಗೆ ಅಂದ್ರೆ ಬಿದ್ದ ಪೆಟ್ಟಿಗೇ ಹಾಳಾಗುತ್ತೆ. ನಾವಾಗಿದ್ರೆ ಎಸೆದು ಇನ್ನೊಂದು ತರ್ತಿದ್ವಿ. ಅವರು ಬಿದ್ದದ್ದನ್ನೇ ಮೆಷಿನ್‌ಗೆ ಹಾಕಿದರು. ಅದು ಜೇನು ಸುರಿದ ಹಾಗೆ ನಿಧಾನಕ್ಕೆ ಉದ್ದವಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಟಕ್ ಅಂತ ಒಂದು ಜಿಗಿತ, ಮತ್ತೆ ಸುಮ್ಮನೆ, ಮತ್ತೊಂದು ಜಿಗಿತ.

ಇದು ಬೆಕರ್ ಥಿಯರಿಗೆ ಹೊಂದಲಿಲ್ಲ. ಇಡೀ ಕ್ರಿಸ್ಟಲ್ ಒಟ್ಟಿಗೆ ಜಾರುತ್ತಿಲ್ಲ, ಎಲ್ಲೋ ಒಂದು ಕಡೆ ದೋಷ ಇದೆ, ಜಾರುವಿಕೆ ಅಲ್ಲಿಂದ ಶುರುವಾಗಿ ಹರಡುತ್ತೆ ಅಂತ ಒರೊವಾನ್‌ಗೆ ಹೊಳೆಯಿತು. ಮದುವೆ ಮನೆಯಲ್ಲಿ ದೊಡ್ಡ ಜಮಖಾನೆ ಸರಿಸಿದ್ದೀರಾ? ಒಂದು ತುದಿ ಹಿಡಿದು ಎಳೆದರೆ ಅಲ್ಲಾಡಲ್ಲ. ಒಂದು ಕಡೆ ಮಡಿಕೆ ಎಬ್ಬಿಸಿ ಅದನ್ನು ಕಾಲಿನಿಂದ ಆ ತುದಿಯವರೆಗೆ ತಳ್ಳಿದರೆ ಜಮಖಾನೆ ಅಷ್ಟು ಮುಂದೆ ಹೋಗಿರುತ್ತೆ. ಲೋಹದೊಳಗಿನ ಆ ಮಡಿಕೆಗೇ ನಾವು ಇವತ್ತು ಡಿಸ್‌ಲೊಕೇಶನ್ ಅನ್ನೋದು.

ಹೊಳೆದದ್ದೇನೋ ಹೊಳೆಯಿತು. ಆದರೆ ಅವರು ಅದನ್ನು ತಕ್ಷಣ ಪ್ರಕಟಿಸಲಿಲ್ಲ. ಡಾಕ್ಟರೇಟ್ ಕೂಡ ಬೇರೆ ವಿಷಯಕ್ಕೆ, ಅಭ್ರಕ ಒಡೆಯೋದರ ಬಗ್ಗೆ, 1932ರಲ್ಲಿ ಮುಗಿಸಿದರು. ಅಭ್ರಕದ ಹಾಳೆಯ ಅಂಚಿಗೆ ಎಳೆತ ಬೀಳದ ಹಾಗೆ ನಡುಭಾಗವನ್ನು ಮಾತ್ರ ಹಿಡಿದು ಎಳೆದರೆ ಅದರ ಶಕ್ತಿ ಸುಮಾರು ಹತ್ತು ಪಟ್ಟು ಏರುತ್ತೆ ಅಂತ ತೋರಿಸಿದರು. ದುರ್ಬಲವಾದದ್ದು ಅಭ್ರಕ ಅಲ್ಲ, ಕತ್ತರಿಸಿದ ಅಂಚಿನ ಸಣ್ಣ ಸಣ್ಣ ಬಿರುಕುಗಳು.

ಕೆಲಸ ಇಲ್ಲದ ದಿನಗಳು

1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿ ಮೂಲದ ಒರೊವಾನ್‌ಗೆ ಅಲ್ಲಿ ಭವಿಷ್ಯ ಇರಲಿಲ್ಲ. ಬುಡಾಪೆಸ್ಟ್‌ಗೆ ವಾಪಸ್ ಬಂದರು. ವಯಸ್ಸು 31, ಕೈಯಲ್ಲಿ ಡಾಕ್ಟರೇಟ್, ಆದರೆ ಕೆಲಸ ಇಲ್ಲ. ಅಮ್ಮನ ಜೊತೆ ಮನೆಯಲ್ಲೇ ಇದ್ದರು. ಲ್ಯಾಬ್ ಇಲ್ಲ, ಕ್ರಿಸ್ಟಲ್ ಇಲ್ಲ, ಸಂಬಳ ಇಲ್ಲ. ಪ್ಲೇಸ್‌ಮೆಂಟ್ ಆಗದೇ ಮನೆಯಲ್ಲಿ ಕೂತ ಅಣ್ಣಂದಿರನ್ನು ನಾವು ನೋಡಿರ್ತೀವಿ. ಅಕ್ಕಪಕ್ಕದವರು ಕೇಳೋದು, ಊಟದ ತಟ್ಟೆ ಮುಂದೆ ತಲೆ ತಗ್ಗಿಸೋದು. ಬುಡಾಪೆಸ್ಟ್‌ನಲ್ಲಿ ಅದು ಹೇಗಿತ್ತೋ, ಆದರೆ ಸುಲಭ ಅಂತೂ ಇದ್ದಿರಲಾರದು.

ಆ ಖಾಲಿ ಸಮಯದಲ್ಲೇ ಅವರು ಹಳೆಯ ಪ್ರಯೋಗಗಳನ್ನು ಮತ್ತೆ ಮತ್ತೆ ಯೋಚಿಸಿದರು. ಬಿದ್ದ ಸತುವಿನ ಜಿಗಿತಗಳಿಗೆ ಈಗ ಸರಿಯಾದ ರೂಪ ಬಂತು. ಆದರೆ ಒಂದು ತೊಡಕು. ಇದೇ ತರಹದ ಐಡಿಯಾ ಇನ್ನೊಬ್ಬ ಹಂಗೇರಿಯನ್ ವಿಜ್ಞಾನಿ ಮೈಕೆಲ್ ಪೊಲಾನಿ ಅವರಿಗೂ ಹೊಳೆದಿದೆ ಅನ್ನೋದು ಒರೊವಾನ್‌ಗೆ ಗೊತ್ತಿತ್ತು. ಪೊಲಾನಿ ಆಗಲೇ ದೊಡ್ಡ ಹೆಸರು. ಇವರು ಕೆಲಸವಿಲ್ಲದ ಹುಡುಗ.

ನನ್ನನ್ನು ಹೆಚ್ಚು ತಟ್ಟಿದ್ದು ಈ ಘಟ್ಟ. ಒರೊವಾನ್ ಗುಟ್ಟಾಗಿ ಬೇಗ ಬೇಗ ಪೇಪರ್ ಕಳಿಸಿಬಿಡಬಹುದಿತ್ತು. ಬದಲಿಗೆ ಪೊಲಾನಿಗೆ ಕಾಗದ ಬರೆದು, ಇಬ್ಬರೂ ಸೇರಿ ಬರೆಯೋಣ ಅಂದರು. ಪೊಲಾನಿ ಇದು ನಿನ್ನದೇ, ನೀನೊಬ್ಬನೇ ಪ್ರಕಟಿಸು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಇವರು ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಇಬ್ಬರೂ ಬೇರೆ ಬೇರೆ ಪೇಪರ್ ಬರೆದು, ಪಕ್ಕಪಕ್ಕದಲ್ಲೇ ಅಚ್ಚು ಹಾಕಿ ಅಂತ ಸಂಪಾದಕರನ್ನು ಕೇಳಿಕೊಂಡರು. 1934ರಲ್ಲಿ ಜರ್ಮನ್ ಪತ್ರಿಕೆ ಸೈಟ್‌ಶ್ರಿಫ್ಟ್ ಫ್ಯೂರ್ ಫಿಸಿಕ್‌ನಲ್ಲಿ ಅವು ಹಾಗೇ ಬಂದವು. ಅದೇ ವರ್ಷ ಇಂಗ್ಲೆಂಡ್‌ನಲ್ಲಿ ಜಿ. ಐ. ಟೇಲರ್ ತಮ್ಮಷ್ಟಕ್ಕೆ ತಾವೇ ಅದೇ ಉತ್ತರಕ್ಕೆ ಬಂದಿದ್ದರು. ಅದಕ್ಕೇ ನಮ್ಮ ಟೆಕ್ಸ್ಟ್‌ಬುಕ್‌ಗಳಲ್ಲಿ ಡಿಸ್‌ಲೊಕೇಶನ್ ಮುಂದೆ ಟೇಲರ್, ಒರೊವಾನ್, ಪೊಲಾನಿ ಅಂತ ಮೂರು ಹೆಸರು ಇರೋದು. ಒಂದು ಇಂಟರ್ನಲ್ ಅಸೈನ್‌ಮೆಂಟಿಗೆ ಯಾರ ಹೆಸರು ಮೊದಲು ಅಂತ ಜಗಳ ಆಡೋ ನಮಗೆ ಇದು ಸ್ವಲ್ಪ ನಾಚಿಕೆ ತರೋ ವಿಷಯ.

ಹಡಗುಗಳು ಒಡೆದದ್ದು

ಪೇಪರ್ ಬಂತು ಅಂತ ಕೆಲಸ ಸಿಗಲಿಲ್ಲ. ಆಮೇಲೆ ಬುಡಾಪೆಸ್ಟ್‌ನ ಟುಂಗ್ಸ್‌ರಾಮ್ ಬಲ್ಬ್ ಕಾರ್ಖಾನೆ ಸೇರಿ, ಬಲ್ಬಿಗೆ ತುಂಬೋ ಕ್ರಿಪ್ಟಾನ್ ಅನಿಲವನ್ನು ಗಾಳಿಯಿಂದ ಬೇರ್ಪಡಿಸೋ ಕೆಲಸ ಮಾಡಿದರು. 1937ರಲ್ಲಿ ಇಂಗ್ಲೆಂಡ್‌ನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. ಅಲ್ಲಿ ಸಿಕ್ಕಿದ ರುಡಾಲ್ಫ್ ಪೈರ್ಲ್ಸ್ ಅವರ ಮುಂದೆ, ಒಂದು ಡಿಸ್‌ಲೊಕೇಶನ್ ಚಲಿಸೋಕೆ ಎಷ್ಟು ಒತ್ತಡ ಬೇಕು ಅನ್ನೋ ಪ್ರಶ್ನೆ ಇಟ್ಟರು. ಪೈರ್ಲ್ಸ್ ಹಾಕಿದ ಆ ಲೆಕ್ಕ 1940ರಲ್ಲಿ ಪ್ರಕಟವಾಯಿತು. ಪೈರ್ಲ್ಸ್ ಸ್ಟ್ರೆಸ್ ಅಂತ ನಾವು ಓದೋದು ಅದನ್ನೇ.

1939ರಲ್ಲಿ ಕೇಂಬ್ರಿಡ್ಜ್, ಲಾರೆನ್ಸ್ ಬ್ರಾಗ್ ಅವರ ಲ್ಯಾಬ್. ಅಷ್ಟರಲ್ಲಿ ಯುದ್ಧ ಶುರುವಾಯಿತು. ಕಾರ್ಖಾನೆಗಳಿಗೆ ತಗಡು ರೋಲಿಂಗ್ ಮಾಡೋವಾಗ ರೋಲರ್ ಮೇಲೆ ಎಷ್ಟು ಒತ್ತಡ ಬೀಳುತ್ತೆ ಅಂತ ಗೊತ್ತಾಗಬೇಕಿತ್ತು. ಒರೊವಾನ್ ಲೆಕ್ಕದ ದಾರಿ ಹಾಕಿಕೊಟ್ಟರು. ಅದೇ ಸಮಯದಲ್ಲಿ ಲಿಬರ್ಟಿ ಅನ್ನೋ ಹೆಸರಿನ ಸರಕು ಹಡಗುಗಳು ಅಟ್ಲಾಂಟಿಕ್ ಚಳಿಯಲ್ಲಿ ಬಿರುಕುಬಿಡುತ್ತಿದ್ದವು. ಕೆಲವಂತೂ ಎರಡು ತುಂಡೇ ಆದವು. ಕೆಟ್ಟ ವೆಲ್ಡಿಂಗ್‌ನಲ್ಲಿರೋ ನಾಚ್ ಮತ್ತು ಕೊರೆಯೋ ಚಳಿ, ಎರಡೂ ಸೇರಿದರೆ ಬಾಗಬೇಕಾದ ಉಕ್ಕು ಗಾಜಿನ ಹಾಗೆ ಒಡೆಯುತ್ತೆ ಅಂತ ವಿವರಿಸಿದವರಲ್ಲಿ ಒರೊವಾನ್ ಮುಖ್ಯರು. 1947ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ನಮ್ಮ ಫಾರ್ಮುಲಾ ಹುಟ್ಟಿದ್ದು

ಈಗ ನಮ್ಮ ಫಾರ್ಮುಲಾಗೆ ಬರೋಣ. ಅದು ಯಾವ ದೊಡ್ಡ ಪೇಪರ್‌ನಲ್ಲೂ ಹುಟ್ಟಲಿಲ್ಲ. ಲೋಹಗಳ ಒಳಒತ್ತಡಗಳ ಬಗ್ಗೆ ಲಂಡನ್‌ನ ಇನ್‌ಸ್ಟಿಟ್ಯೂಟ್ ಆಫ್ ಮೆಟಲ್ಸ್ ನಡೆಸಿದ ಒಂದು ವಿಚಾರಗೋಷ್ಠಿಯ ಚರ್ಚೆಯಲ್ಲಿ ಅವರು ಆಡಿದ ಮಾತು ಅದು. 1948ರಲ್ಲಿ ಗೋಷ್ಠಿಯ ಪುಸ್ತಕದಲ್ಲಿ ಅಚ್ಚಾಯಿತು. ನಾವು ಸೆಮಿನಾರ್‌ನಲ್ಲಿ ಕೊನೆ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳೋ ಸಮಯ ಬಂದಾಗ ತಲೆ ತಗ್ಗಿಸ್ತೀವಲ್ಲ, ಆ ಸಮಯದಲ್ಲಿ.

ಅವರು ಹೇಳಿದ್ದು ಇಷ್ಟು. ಮೆತ್ತಗಿನ ಲೋಹದೊಳಗೆ ಗಟ್ಟಿ ಕಣಗಳಿವೆ ಅಂದ್ಕೊಳ್ಳಿ. ಡಿಸ್‌ಲೊಕೇಶನ್ ಅನ್ನೋದು ಒಂದು ಗೆರೆ, ಜಾರುತ್ತಾ ಬಂದು ಕಣಗಳಿಗೆ ತಾಗುತ್ತೆ. ಕಣವನ್ನು ಸೀಳಿಕೊಂಡು ಹೋಗೋಕೆ ಆಗಲ್ಲ. ಆಗ ಏನಾಗುತ್ತೆ? ಅಡಿಕೆ ತೋಟದಲ್ಲಿ ಮಕ್ಕಳೆಲ್ಲ ಕೈಕೈ ಹಿಡಿದು ಸಾಲಾಗಿ ಓಡಿ ಬರ್ತಿದ್ದಾರೆ ಅಂತ ಊಹಿಸಿ. ಮರ ಸಿಕ್ಕಲ್ಲಿ ಸಾಲು ನಿಲ್ಲುತ್ತೆ, ಮರಗಳ ನಡುವೆ ಮುಂದಕ್ಕೆ ಉಬ್ಬುತ್ತೆ. ಹಾಗೇ ಉಬ್ಬಿ ಉಬ್ಬಿ ಮರದ ಹಿಂದುಗಡೆ ಎರಡೂ ಕಡೆಯವರು ಸಿಕ್ಕಿ ಕೈ ಹಿಡಿದರೆ ಸಾಲು ಬಿಡಿಸಿಕೊಂಡು ಮುಂದೆ ಹೋಗುತ್ತೆ, ಮರದ ಸುತ್ತ ಒಂದಿಷ್ಟು ಮಕ್ಕಳು ಬಳೆ ಕಟ್ಟಿಕೊಂಡು ಉಳಿದುಬಿಡ್ತಾರೆ. ಆ ಬಳೆಯೇ ಒರೊವಾನ್ ಲೂಪ್. ಮರಗಳು ಹತ್ತಿರ ಹತ್ತಿರ ಇದ್ದಷ್ಟೂ ಸಾಲು ಬಾಗೋದು ಕಷ್ಟ.

ನಂಬರ್ ಹಾಕಿ ನೋಡಿ. ತಾಮ್ರಕ್ಕೆ ಜಿ ಸುಮಾರು 48 ಗಿಗಾಪಾಸ್ಕಲ್, ಬಿ 0.256 ನ್ಯಾನೋಮೀಟರ್. ಕಣಗಳ ಅಂತರ 1 ಮೈಕ್ರೋಮೀಟರ್ ಇದ್ದರೆ ಬರೋ ಹೆಚ್ಚುವರಿ ಬಲ ಬರೀ 12 ಮೆಗಾಪಾಸ್ಕಲ್. ಅಂತರ 100 ನ್ಯಾನೋಮೀಟರ್ ಆದರೆ ಸುಮಾರು 123. 50 ಆದರೆ 246. ಕಣ ಎಷ್ಟು ಹಾಕಿದೆವು ಅನ್ನೋದಕ್ಕಿಂತ ಎಷ್ಟು ಸಣ್ಣದಾಗಿ ಹರಡಿದೆವು ಅನ್ನೋದು ಮುಖ್ಯ. ಗಾತ್ರದ ಲೆಕ್ಕದಲ್ಲಿ ಶೇಕಡಾ 1 ಅಲ್ಯೂಮಿನಾವನ್ನು 10 ನ್ಯಾನೋಮೀಟರ್ ಕಣಗಳಾಗಿ ಸಮವಾಗಿ ಹರಡಿದರೆ ಅವುಗಳ ಅಂತರ ಸುಮಾರು 70 ನ್ಯಾನೋಮೀಟರ್. ಅದೇ ಶೇಕಡಾ 1 ಅನ್ನು 1 ಮೈಕ್ರೋಮೀಟರ್ ಕಣಗಳಾಗಿ ಹಾಕಿದರೆ ಅಂತರ 7 ಮೈಕ್ರೋಮೀಟರ್, ಲಾಭ 2 ಮೆಗಾಪಾಸ್ಕಲ್ಲೂ ಇಲ್ಲ. ಸಾರಿಗೆ ಒಂದು ಹಿಡಿ ಕಲ್ಲುಪ್ಪನ್ನು ಹಾಗೇ ಹಾಕಿ ಕದಡದೇ ಬಿಟ್ಟ ಹಾಗೆ.

ತಾಮ್ರಕ್ಕೇ ಯಾಕೆ?

ತಾಮ್ರದ ಗುಣ ಅದರ ವಿದ್ಯುತ್ ವಾಹಕತೆ. ಗಟ್ಟಿ ಮಾಡೋಕೆ ಬೇರೆ ಲೋಹ ಕರಗಿಸಿ ಸೇರಿಸಿದರೆ ಎಲೆಕ್ಟ್ರಾನ್‌ಗಳಿಗೆ ಅಡ್ಡಿ ಆಗಿ ಆ ಗುಣವೇ ಕುಗ್ಗುತ್ತೆ. ಎಳೆದು, ಬಡಿದು ಗಟ್ಟಿ ಮಾಡಿದರೆ ಬಿಸಿ ತಾಗಿದ ಕೂಡಲೇ ಮತ್ತೆ ಮೆತ್ತಗಾಗುತ್ತೆ. ಅಲ್ಯೂಮಿನಾ ತಾಮ್ರದಲ್ಲಿ ಕರಗಲ್ಲ. ಕಣ ಕಣವಾಗಿ ಬೇರೆಯೇ ಇರುತ್ತೆ, ಕೆಂಪಗೆ ಕಾಯಿಸಿದರೂ ಅಷ್ಟು ಸುಲಭಕ್ಕೆ ದಪ್ಪ ಆಗಲ್ಲ. ಸ್ಪಾಟ್ ವೆಲ್ಡಿಂಗ್ ಎಲೆಕ್ಟ್ರೋಡ್‌ಗಳಿಗೆ ಇಂಥ ತಾಮ್ರ ಬಳಸೋದು ಅದಕ್ಕೇ. ಜಿನೀವಾ ಹತ್ತಿರದ ಲಾರ್ಜ್ ಹೇಡ್ರಾನ್ ಕೊಲೈಡರ್‌ನ ಕೊಲಿಮೇಟರ್‌ಗಳಲ್ಲೂ ಗ್ಲಿಡ್‌ಕಾಪ್ ಅನ್ನೋ ಹೆಸರಿನ ಇದೇ ಜಾತಿಯ ತಾಮ್ರ ಇದೆ. ಅದರಲ್ಲಿ ಅಲ್ಯೂಮಿನಿಯಂ ಬೆರೆತ ತಾಮ್ರದ ಪುಡಿಗೆ ಆಕ್ಸಿಜನ್ ಉಣಿಸಿ, ಕಣಗಳನ್ನು ಒಳಗೇ ಹುಟ್ಟಿಸುತ್ತಾರೆ.

ಇನ್ನೊಂದು ದಾರಿ ನಮ್ಮ ಲ್ಯಾಬಿನದು, ಮಿಲ್ಲಿಂಗ್. 1960ರ ದಶಕದಲ್ಲಿ ಇಂಟರ್‌ನ್ಯಾಷನಲ್ ನಿಕೆಲ್ ಕಂಪನಿಯಲ್ಲಿ ಜಾನ್ ಬೆಂಜಮಿನ್ ಅವರು ನಿಕೆಲ್ ಮಿಶ್ರಲೋಹಗಳಿಗಾಗಿ ರೂಢಿಗೆ ತಂದದ್ದು. ಗುಂಡುಗಳ ನಡುವೆ ಸಿಕ್ಕಿದ ತಾಮ್ರದ ಕಾಳು ಚಪ್ಪಟೆ ಆಗುತ್ತೆ, ಮೇಲೆ ಅಲ್ಯೂಮಿನಾ ಕೂರುತ್ತೆ, ಇನ್ನೊಂದು ಕಾಳು ಬಂದು ಅಂಟುತ್ತೆ, ಮತ್ತೆ ಒಡೆಯುತ್ತೆ, ಮತ್ತೆ ಅಂಟುತ್ತೆ. ಅಮ್ಮ ಚಿರೋಟಿಗೆ ಪದರ ಪದರವಾಗಿ ಹಿಟ್ಟು ಲಟ್ಟಿಸಿ ಮಡಿಸೋ ಹಾಗೆ. ಸಾವಿರಾರು ಸಲ ಆದಮೇಲೆ ಪದರಗಳೇ ಕಾಣಲ್ಲ, ಕಣಗಳು ಎಲ್ಲಾ ಕಡೆ ಹಂಚಿ ಹೋಗಿರುತ್ತವೆ. ಆದರೆ ಅಂಟೋದು ಜಾಸ್ತಿ, ಒಡೆಯೋದು ಕಮ್ಮಿ ಆದರೆ ನಮಗಾದ ಗತಿಯೇ. ಎರಡನೇ ಸಲ ತೂಕದಲ್ಲಿ ಶೇಕಡಾ 1ರಷ್ಟು ಸ್ಟಿಯರಿಕ್ ಆಸಿಡ್ ಹಾಕಿ, ನಡುನಡುವೆ ಮಿಲ್ ನಿಲ್ಲಿಸಿ ಆರಿಸಿದೆವು. ಪುಡಿ ಪುಡಿಯಾಗೇ ಉಳಿಯಿತು.

ಕೊನೆಯ ವರ್ಷಗಳು

ಒರೊವಾನ್ 1950ರಲ್ಲಿ ಅಮೆರಿಕದ ಎಂಐಟಿಗೆ ಹೋದರು. ಅವರು ಬರೀ ಯೋಚನೆಯಿಂದ ಕಂಡಿದ್ದ ಡಿಸ್‌ಲೊಕೇಶನ್‌ಗಳನ್ನು 1956ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪೀಟರ್ ಹಿರ್ಷ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ, ಅಲ್ಯೂಮಿನಿಯಂನಲ್ಲಿ ಓಡಾಡೋದನ್ನು ನೋಡಿದರು. ಆ ಹೊತ್ತಿಗೆ 1934ರ ಪೇಪರ್‌ಗೆ 22 ವರ್ಷ ತುಂಬಿತ್ತು. 1966ರಲ್ಲಿ ಎಬಲಿಂಗ್ ಮತ್ತು ಆಶ್ಬಿ ಅನ್ನೋರು ತಾಮ್ರದ ಸಿಂಗಲ್ ಕ್ರಿಸ್ಟಲ್‌ನೊಳಗೆ ಸಿಲಿಕಾ ಕಣಗಳನ್ನು ಬೆಳೆಸಿ ಎಳೆದರು. ಕಣಗಳ ಅಂತರಕ್ಕೂ ಬಲಕ್ಕೂ ಒರೊವಾನ್ ಹೇಳಿದ ಸಂಬಂಧ ತಾಮ್ರದಲ್ಲೇ ಸಿಕ್ಕಿತು.

ಅವರ ಮನಸ್ಸು ಅಷ್ಟರಲ್ಲಿ ಬೇರೆ ಕಡೆ ಹೊರಟಿತ್ತು. ಹಿಮನದಿಗಳು ಹರಿಯೋದು, ಭೂಖಂಡಗಳು ಸರಿಯೋದು, ಭೂಕಂಪದಲ್ಲಿ ಬಂಡೆ ಜಾರೋದು. ಬೇರೆ ವಿಷಯ ಅನ್ನಿಸುತ್ತೆ, ಆದರೆ ಯೋಚಿಸಿದರೆ ಎಲ್ಲವೂ ಜಾರೋದು, ಬಾಗೋದು, ಒಡೆಯೋದೇ. ಇಳಿವಯಸ್ಸಿನಲ್ಲಿ ಅರ್ಥಶಾಸ್ತ್ರ, ಸಮಾಜ ಹೇಗೆ ಏರುತ್ತೆ ಹೇಗೆ ಕುಸಿಯುತ್ತೆ ಅನ್ನೋದರ ಕಡೆ ವಾಲಿದರು. 14ನೇ ಶತಮಾನದ ಅರಬ್ ಚಿಂತಕ ಇಬ್ನ್ ಖಲ್ದೂನ್ ಅವರಿಗೆ ಅಲ್ಲಿ ಸ್ಫೂರ್ತಿ. ಈ ಕೆಲಸಕ್ಕೆ ಲೋಹಶಾಸ್ತ್ರದಲ್ಲಿ ಸಿಕ್ಕಷ್ಟು ಮನ್ನಣೆ ಸಿಗಲಿಲ್ಲ. 1989ರ ಆಗಸ್ಟ್ 3ರಂದು, 87 ತುಂಬಿದ ಮರುದಿನ, ಅಮೆರಿಕದ ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು.

ನಾನು ಮೆಕ್ಯಾನಿಕಲ್‌ಗೆ ಬಂದದ್ದು ರ್‍ಯಾಂಕ್ ಕಮ್ಮಿ ಬಂದು, ಬೇಕಾದ ಬ್ರಾಂಚ್ ಸಿಗದೆ. ಒಂದೂವರೆ ವರ್ಷ ಅದನ್ನೇ ಕೊರಗಿದ್ದೀನಿ, ಸುಳ್ಳು ಹೇಳಲ್ಲ. ಒರೊವಾನ್ ಕಥೆ ಓದಿ ಕೊರಗು ಮಾಯವಾಯ್ತು ಅಂತಲೂ ಹೇಳಲ್ಲ. ಆದರೆ ಲೋಹ ಬಾಗಿಸೋದು ಅನ್ನೋ, ಯಾರಿಗೂ ಬೇಡದ ವಿಷಯವನ್ನು ಅವರು ಅರ್ಧ ಮನಸ್ಸಿನಿಂದಲೇ ಒಪ್ಪಿಕೊಂಡಿದ್ದರು ಅನ್ನೋದು ನೆನಪಿದೆ.

ನಮ್ಮ ಎರಡನೇ ಬ್ಯಾಚ್ ಪುಡಿಯನ್ನು ಹಾಟ್ ಪ್ರೆಸ್ ಮಾಡಿ ಬಿಲ್ಲೆ ತೆಗೆದಿದ್ದಾರೆ. ಮುಂದಿನ ವಾರ ಹಾರ್ಡ್‌ನೆಸ್ ಟೆಸ್ಟ್. ಪಾಲಿಶ್ ಮಾಡೋ ಕೆಲಸ ನಂದೇ. ಬಿಲ್ಲೆ ಕೈಜಾರಿ ಬಿದ್ರೂ ಎಸೆಯಲ್ಲ.